ಮೂರು ಸಾಲಿಗೊಂದು ಮಗ್ಗುಲು

ಪಡಸಾಲೆಯ ಗೋಡೆಗೂಡಿನಲ್ಲಿ ಬ್ರೆಡ್ಡುಗಳು ಒಂದರ ಬೆನ್ನಿಗೊಂದು ಆನಿಕೊಂಡು ಕೂತಿದ್ದವು. ಕಸಬರಿಗೆ ಹಿಡಿದು ಆ ಗೂಡಿನ ಮುಂದೆ ಹಾಯುವಾಗಲೆಲ್ಲ ಸುಗಲಾಗೆ, ಮದುವೆಮನೆಯಲ್ಲಿ ಊಟಕ್ಕೆ ಏಳಿರೆಂದು ಯಾರೂ ಅನ್ನದೆ ಕೂತೇ ಉಳಿದ ಬೀಗರ ಹಾಗೆ ಅವು ತನ್ನನ್ನೇ ನೋಡುತ್ತಿವೆ ಅನ್ನಿಸಿ, ತಲೆ ತಗ್ಗಿಸಿ ದಾಟಿಬಿಡುತ್ತಿದ್ದಳು. ಅತ್ತೆ ಶಾರದಾಬಾಯಿಗೆ ವಿಷಮಜ್ವರ ಬಂದಾಗ ಡಾಕ್ಟರು, ಅನ್ನ ಬೇಡ, ರೊಟ್ಟಿ ಬೇಡ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಡಿರಿ ಎಂದು ಹೇಳಿ ಹೋದದ್ದೇ ತಡ, ಮಾತು ಓಣಿಯ ತುಂಬ ಹಬ್ಬಿತು. ಜಡ್ಡಿನವರನ್ನು ನೋಡಲು ಬರಿಗೈಲಿ ಹೋಗುವ ರೂಢಿ ಸೊಲ್ಲಾಪುರದಲ್ಲಿ ಇಲ್ಲ. ಬಂದವರೆಲ್ಲ ಬಗಲಲ್ಲಿ ಒಂದೊಂದು ಬ್ರೆಡ್ಡು ಇರುಕಿಕೊಂಡೇ ಬಂದರು. ನೂಲಿನ ವ್ಯಾಪಾರಿ ಮಲಕಾಜಪ್ಪನವರ ಮನೆ ಎಂದ ಮೇಲೆ ಬರುವವರಿಗೇನು ಕಡಿಮೆ? ಕೆಂಡದಂಥ ಜ್ವರದಲ್ಲೂ ಶಾರದಾಬಾಯಿ ಒಂದು ಕಣ್ಣು ತೆರೆದು, ಯಾರದು ದೊಡ್ಡದು ಯಾರದು ಸಣ್ಣದು ಎಂದು ನೋಡಿ ಮತ್ತೆ ಮುಚ್ಚುತ್ತಿದ್ದಳು. ಆ ಬ್ರೆಡ್ಡುಗಳನ್ನು ಅಡುಗೆಮನೆಯೊಳಗೆ ಒಯ್ಯುವಂತಿರಲಿಲ್ಲ. ಬೇಕರಿಯಲ್ಲಿ ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ಔಷಧವೆಂದು ಕಣ್ಣು ಮುಚ್ಚಿ ನುಂಗುವುದು ಬೇರೆ, ಒಲೆಯ ಹತ್ತಿರ ಬಿಟ್ಟುಕೊಳ್ಳುವುದು ಬೇರೆ. ಎಸೆಯುವಂತೆಯೂ ಇರಲಿಲ್ಲ. ಒಮ್ಮೆ ಸುಗಲಾ ಒಣಗಿದ ಒಂದನ್ನು ಹಿತ್ತಲಿನ ಎಮ್ಮೆಗೆ ಹಾಕಿದ್ದಕ್ಕೆ ನೆರೆಮನೆಯ ಕಸ್ತೂರಬಾಯಿ ಕಿಟಕಿಯಿಂದಲೇ, "ನಮ್ಮ ಬ್ರೆಡ್ಡು ಎಮ್ಮಿಗಿ ಪಸಂದ ಆತೇನವ್ವಾ?" ಎಂದು ಕೇಳಿದ್ದಳು. ಆ ಮಾತು ಇನ್ನೂ ಕಿವಿಯಲ್ಲಿತ್ತು. ಎಮ್ಮೆಯೇನೋ ಪಸಂದ ಮಾಡಿತ್ತು.

ಜ್ವರ ಬಿಟ್ಟಿತ್ತು. ನಿನ್ನೆ ಅತ್ತೆಗೆ ತಲೆಗೆ ನೀರು ಹಾಕಿದ್ದಾಗಿತ್ತು. ಮಾವ ಮಲಕಾಜಪ್ಪ, ಗಂಡ ನಾಗಪ್ಪ ಇಬ್ಬರೂ ಬಹಳ ದಿನಗಳ ಮೇಲೆ ಇಂದು ಹಗುರಾಗಿ ಅಂಗಡಿಗೆ ಹೋಗಿದ್ದರು. ಗಿರಣಿಯ ಮುಂಜಾನೆಯ ಭೋಂಗಾ ಕೂಗಿ, ಓಣಿಯಲ್ಲಿ ಬಿಸಿಲು ಇಳಿದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿತ್ತು. ಆ ಕಟ್ಟೆ ಅತ್ತೆಯ ಜೀವ. ವಿಜಾಪುರ ರಸ್ತೆಯಿಂದ ಒಳಗೆ ಹೊರಳುವ ಈ ಓಣಿಯನ್ನು ಅಗಲ ಮಾಡಬೇಕು, ಕಟ್ಟೆ ಕೂತದ್ದು ನಮ್ಮ ಜಾಗದಲ್ಲಿ ಎಂದು ಮುನಸಿಪಾಲ್ಟಿಯವರು ಟೇಪು ಹಿಡಿದು ಬಂದ ದಿನ ಶಾರದಾಬಾಯಿ ಸೆರಗು ಸಿಗಿಸಿ ಕಟ್ಟೆಯ ನಟ್ಟನಡುವೆ ಕೂತು, "ನನ್ನ ಮಾವ ಕಟ್ಟಿಸಿದ್ದು. ನನ್ನ ಮ್ಯಾಲ ಹಾಸಿ ಅಳೀರಿ ನಿಮ್ಮ ಟೇಪು" ಎಂದಿದ್ದಳು. ಇಡೀ ಹಗಲು ಬಿಸಿಲಲ್ಲಿ ಏಳಲಿಲ್ಲ. ಅವರು ಹೋದರು, ಜ್ವರ ಬಂತು. ಓಣಿಯವರು ಅದಕ್ಕೆ ಮುನಸಿಪಾಲ್ಟಿ ಜ್ವರ ಎಂದೇ ಹೆಸರಿಟ್ಟರು. ಅತ್ತೆ ಹಾಗೆ ಮಲಗಿದ್ದ ದಿನಗಳಲ್ಲಿ ಮನೆ ಮೆತ್ತಗಾಗಿತ್ತು; ಉಪ್ಪು ಎಷ್ಟು, ಒಗ್ಗರಣೆಗೆ ಏನು ಎಂದು ಯಾರನ್ನೂ ಕೇಳದೆ ಸುಗಲಾ ಅಡುಗೆ ಮಾಡಿದ್ದಳು. ಒಂದು ಸಂಜೆ ಒಲೆಯ ಮುಂದೆ ತಾನು ಗುನುಗುತ್ತಿದ್ದೇನೆ ಎಂದು ತನಗೇ ಗೊತ್ತಾಗಿ ಬಾಯಿ ಮುಚ್ಚಿಕೊಂಡಿದ್ದಳು. ಅತ್ತೆಗೆ ಜ್ವರ ಏರಿರುವಾಗ ಸೊಸೆಗೆ ಹಾಡು ಬರುವುದು ಯಾವ ಜಾತಿಯ ಪಾಪವೋ. ಅಂದಿನಿಂದ ಎಲ್ಲ ಕೆಲಸವನ್ನೂ ಸ್ವಲ್ಪ ಹೆಚ್ಚೇ ಮಾಡುತ್ತಿದ್ದಳು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು.

ಇಂದು ಗುಡಿಸುವುದಕ್ಕೆ ಬೇರೆ ಕಾರಣವೂ ಇತ್ತು. ಅಪ್ಪ ಬರುವವನಿದ್ದ. ಬೀಗತಿಯನ್ನು ನೋಡಿಕೊಂಡು ಹೋಗಲು ಬರುತ್ತೇನೆಂದು ಅಕ್ಕಲಕೋಟೆಯಿಂದ ಬಂದವರ ಕೈಯಲ್ಲಿ ಹೇಳಿ ಕಳಿಸಿದ್ದ. ಅಪ್ಪ ಬರುತ್ತಾನೆಂದರೆ ಮೊದಲು ಖುಷಿ, ಅದರ ಬೆನ್ನಿಗೇ, ಯಾರು ಏನು ಕೇಳಿಬಿಡುತ್ತಾರೋ ಎಂಬ ದಿಗಿಲು. ಮದುವೆಯ ಮಾತಿನಲ್ಲಿ ನಡುವೆ ನಿಂತ ಸಂಬಂಧಿಕರು, ಹುಡುಗಿಯ ಅಪ್ಪ ಧೂಳಪ್ಪನಿಗೆ ಸಂಸ್ಥಾನದಲ್ಲಿ ನೌಕರಿ ಇತ್ತು ಎಂದಿದ್ದರು. ಅಷ್ಟೇ. ಅದು ಸುಳ್ಳಲ್ಲ. ಈ ಮನೆಯವರು ಅದಕ್ಕೆ ತಾವೇ ಒಂದು ರುಮಾಲು ಸುತ್ತಿ, ಕಿವಿಯ ಹಿಂದೆ ಒಂದು ಲೇಖಣಿ ಸಿಗಿಸಿ, ಕಾರಕೂನ ಮಾಡಿಕೊಂಡರು. ನಿಶ್ಚಯದ ದಿನ ಮಾವ, ಜಾಗದ ಹಳೆಯದೊಂದು ಮೋಡಿ ಲಿಪಿಯ ಕಾಗದವನ್ನು ಅಪ್ಪನ ಮುಂದೆ ಹಿಡಿದು, "ಓದ್ರಿ ಬೀಗರ, ನಮಗಂತೂ ಈ ಮೋಡಿ ತಿಳಿಯಂಗಿಲ್ಲ" ಎಂದಿದ್ದರು. ಅಪ್ಪ ಚಾಳೀಸು ತೆಗೆದ, ಒರೆಸಿದ, ಹಾಕಿಕೊಂಡ, ಕಾಗದವನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ, "ಬೆಳಕ ಕಮ್ಮಿ ಐತ್ರಿ" ಎಂದು ಮೆಲ್ಲಗೆ ಮಡಚಿ ಕೊಟ್ಟ. ಬಾಗಿಲ ಸಂದಿಯಿಂದ ಅದನ್ನು ನೋಡಿದ ಸುಗಲಾ ಈಗಲೂ ಬೆಳಕು ಎಂಬ ಮಾತು ಕೇಳಿದರೆ ಬೆಚ್ಚುತ್ತಾಳೆ.

ಧೂಳಪ್ಪ ಅಕ್ಕಲಕೋಟೆ ಸಂಸ್ಥಾನದ ಅತಿಥಿ ಬಂಗಲೆಯ ಅಡುಗೆಯವನಾಗಿದ್ದ. ಮಾಂಸದಡುಗೆಯ ಒಲೆ ಬೇರೆಯವರದು. ಧೂಳಪ್ಪನದು ಮುಂಜಾನೆಯ ಚಹಾ ಮತ್ತು ಸಾಹೇಬರ ಸಿಹಿ ಟೋಸ್ಟು. ಆದರೆ ಆ ಟೋಸ್ಟಿಗೆ ತತ್ತಿ ಬೇಕು. ತತ್ತಿ ಒಡೆದು, ಹಾಲು ಸಕ್ಕರೆ ಕೂಡಿಸಿ ಕಲಸಿ, ನಿನ್ನೆಯ ಬ್ರೆಡ್ಡನ್ನು ಅದರಲ್ಲಿ ಅದ್ದಿ, ಬೆಣ್ಣೆಯಲ್ಲಿ ಕೆಂಪಗೆ ಕರಿದು ಕೊಟ್ಟು, ಮನೆಗೆ ಬಂದು ಬಾವಿಯ ಕಟ್ಟೆಯ ಮೇಲೆ ತಣ್ಣೀರು ಸುರಿದುಕೊಂಡು, ವಿಭೂತಿ ಹಚ್ಚಿ ಲಿಂಗ ಕೈಯಲ್ಲಿ ಹಿಡಿಯುತ್ತಿದ್ದ. ಒಂದು ದಿನವೂ ಅದನ್ನು ಬಾಯಿಗೆ ಹಾಕಿಕೊಂಡವನಲ್ಲ. ಹಾಕಿಕೊಳ್ಳದಿದ್ದರೂ ಹದ ತಪ್ಪಿಸಿದವನೂ ಅಲ್ಲ. ಬಣ್ಣ ನೋಡುತ್ತಿದ್ದ, ವಾಸನೆ ಹಿಡಿಯುತ್ತಿದ್ದ, ಬೆಣ್ಣೆಯ ಸದ್ದಿಗೆ ಕಿವಿ ಕೊಡುತ್ತಿದ್ದ. ಗಡಿಯಾರ ಸಾಹೇಬರ ಕೋಣೆಯಲ್ಲಿತ್ತು. ಅಡುಗೆಯವನ ಕೈಯಲ್ಲಿ ಪದ್ಯವಿತ್ತು. ಹಳೆಯ ಮಠದ ಅಜ್ಜನೊಬ್ಬ ಕಟ್ಟಿದ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಷಟ್ಪದಿ. ಮೊದಲ ಮೂರು ಸಾಲಿಗೆ ಒಂದು ಮಗ್ಗುಲು, ಅಲ್ಲಿ ನಿಲ್ಲಿಸಿ ತಿರುವಬೇಕು, ಉಳಿದ ಮೂರು ಸಾಲಿಗೆ ಇನ್ನೊಂದು ಮಗ್ಗುಲು. ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಚಿಕ್ಕ ಸುಗಲಾ ಒಮ್ಮೆ, "ಅಪ್ಪಾ, ಅದು ತಿನ್ನಾಕ ಹೆಂಗಿರತೈತಿ?" ಎಂದು ಕೇಳಿದ್ದಳು. ಅಪ್ಪ ಸಟ್ಟುಗ ಹಿಡಿದು ಬಹಳ ಹೊತ್ತು ಯೋಚಿಸಿದ್ದ. "ವಾಸನಿ ಛಲೋ ಇರತೈತಿ" ಎಂದಿದ್ದ.

"ಸುಗಲಾ."

ಪಡಸಾಲೆಯ ಒಳಮೂಲೆಯ ಮಂಚದಿಂದ ಕರೆ ಬಂತು. ಕಸಬರಿಗೆ ಮೂಲೆಗಿಟ್ಟು ಹೋದಳು. ಶಾರದಾಬಾಯಿ ದಿಂಬಿಗೆ ಒರಗಿ ಎದ್ದು ಕೂತು, ಪಡಸಾಲೆಯನ್ನು ಅಂದೇ ಕೊಂಡವಳ ಹಾಗೆ ನೋಡುತ್ತಿದ್ದಳು. ಮುಖ ಸಣ್ಣದಾಗಿತ್ತು, ಕಣ್ಣು ಮಾತ್ರ ಮೊದಲಿನಷ್ಟೇ ದೊಡ್ಡವು.

"ಬಾಯಿಗಿ ರುಚಿ ಬಂತು ನೋಡು. ಮುಂಜಾನಿ ಮುಖ ತೊಳಕೊಂಡೆ, ನೀರs ರುಚಿ ಹತ್ತಿತು. ಇಷ್ಟ ದಿನ ಏನ ಕೊಟ್ರೂ ಸುಣ್ಣ ನೆಕ್ಕಿದಂಗ ಆಗ್ತಿತ್ತು."

"ಛಲೋ ಆತಲ್ರಿ ಅತ್ತ್ಯಾರ. ಶಿರಾ ಮಾಡ್ಲೇನ್ರಿ?"

"ಶಿರಾ ಬ್ಯಾಡ. ಹೋಳಗಿ ಬ್ಯಾಡ. ಜ್ವರದಾಗ ಎಲ್ಲಾ ಕನಸಿನ್ಯಾಗ ತಿಂದು ಮುಗಿಸೀನಿ. ಗೊತ್ತಿರಲಾರದ್ದು ಏನರೆ ಸೀ ಮಾಡು."

"ಗೊತ್ತಿರಲಾರದ್ದು ನಾ ಹೆಂಗ ಮಾಡ್ಲಿ?"

"ನನಗ ಗೊತ್ತಿರಲಾರದ್ದು. ನಿನಗ ಗೊತ್ತಿದ್ದದ್ದು."

ಅತ್ತೆ ಏನೂ ಮನಸ್ಸಿನಲ್ಲಿಟ್ಟುಕೊಂಡು ಅಂದದ್ದಲ್ಲ. ಆದರೂ ಸುಗಲಾಗೆ ಸೆರಗು ಜಾರಿದಂತಾಯಿತು. ಅವಳ ಕಣ್ಣು ತಾನಾಗಿ ಗೂಡಿನ ಕಡೆ ಹೋಯಿತು. ಮೇಲಿನದು ಮೊನ್ನೆಯದು, ಅದರ ಕೆಳಗಿನದು ಇನ್ನೂ ಹಳೆಯದು, ಕಲ್ಲಾಗುವುದಕ್ಕೆ ಸ್ವಲ್ಪ ಮೊದಲಿನ ಹದ. ಹಸಿ ಬ್ರೆಡ್ಡು ತುಂಬಿದ ಹೊಟ್ಟೆ ಇದ್ದ ಹಾಗೆ, ಏನು ಕೊಟ್ಟರೂ ಒಳಗೆ ತೆಗೆದುಕೊಳ್ಳುವುದಿಲ್ಲ, ಹಾಲಿನಲ್ಲಿ ಕರಗಿ ಗಂಜಿಯಾಗುತ್ತದೆ ಅನ್ನುತ್ತಿದ್ದ ಅಪ್ಪ, ಒಣಗಿದ್ದು ಹಸಿದಿರುತ್ತದೆ. ಗೂಡಿನ ತುಂಬ ಹಸಿದ ಬ್ರೆಡ್ಡು. ಮಾಡಿಬಿಟ್ಟರೆ ಏನು ಎಂದು ಒಂದು ಮನಸ್ಸು. ಮಾಡಿದರೆ ಎಲ್ಲಿ ಕಲಿತೆ ಎಂದು ಕೇಳುತ್ತಾರೆ ಎಂದು ಇನ್ನೊಂದು. ಈ ಎರಡರ ಕೆಳಗೆ, ಯಾರಿಗೂ ಕಾಣದಂತೆ, ಮೂರನೆಯದು: ಅಪ್ಪ ಬರುತ್ತಾನೆ, ತತ್ತಿ ಹಾಕದೆ ಮಾಡಿದರೆ ಅಪ್ಪ ತಿನ್ನಬಹುದು. ಅದರ ಹಿಂದೆಯೇ ನಗು ಬಂತು. ಮಗಳ ಹೊಟ್ಟೆಯಲ್ಲಿ ಒಂದು ಕೂಸು ಹುಟ್ಟುವ ತನಕ ಅಪ್ಪನಾದವನು ಅಳಿಯನ ಮನೆಯಲ್ಲಿ ತುತ್ತು ಮುಟ್ಟುವುದಿಲ್ಲ. ಧೂಳಪ್ಪನಂತೂ ನೀರನ್ನೂ ಮುಟ್ಟುವವನಲ್ಲ. ಬರುವಾಗ ಅಕ್ಕಲಕೋಟೆಯಿಂದಲೇ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು, ಅದನ್ನೇ ಕುಡಿದು, ಖಾಲಿ ತಂಬಿಗೆ ಹಿಡಿದು ಸಂಜೆಯ ಗಾಡಿಗೆ ಹೋಗುತ್ತಿದ್ದ.

"ಬ್ರೆಡ್ಡಿಂದು ಒಂದು ಬರತೈತ್ರಿ ನನಗ" ಎಂದಳು. ಮಾತು ಆಡಿದ್ದು ತಾನೇ ಎಂದು ನಂಬಲಾಗಲಿಲ್ಲ.

ಶಾರದಾಬಾಯಿ ಗೂಡನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಆ ಹೆಣದ ರಾಶಿ ಕರಗತೈತಿ ಅಂದ್ರ ಮಾಡು. ಒಲಿ ಮನ್ಯಾಗ ಒಯ್ಯಬ್ಯಾಡ ಮತ್ತ. ಶೇಗಡಿ ಇಲ್ಲೇ ತಗೊಂಡ್ ಬಾ, ನನ್ನ ಮುಂದ ಮಾಡು. ತುಪ್ಪದಾಗ ಕರದ ಮ್ಯಾಲ ದೋಷ ಹೋಗತೈತಿ ಅಂತಾರ."

"ಹೋಗದಿದ್ರ?"

"ಹೋಗದಿದ್ರ ಆಮ್ಯಾಲ ನೋಡೂನು. ಮದ್ಲ ತಿನ್ನೂನು."

ಶೇಗಡಿಯಲ್ಲಿ ಇದ್ದಿಲು ಕೆಂಪಾಗುವಷ್ಟರಲ್ಲಿ ಸುಗಲಾ ಈಳಿಗೆಯ ಮುಂದೆ ಕೂತಿದ್ದಳು. ಒತ್ತಬಾರದು, ಗರಗಸದ ಹಾಗೆ ಎಳೆಯಬೇಕು, ಇಲ್ಲದಿದ್ದರೆ ಪುಡಿ. ಹೋಳುಗಳು ಒಂದೇ ದಪ್ಪದಲ್ಲಿ ಬೀಳತೊಡಗಿದಾಗ ಅವಳಿಗೆ ಒಂದು ವಿಚಿತ್ರ ಸಮಾಧಾನ ಆಯಿತು, ಕೈಗಳು ಅವಳಿಗಿಂತ ಮೊದಲೇ ತವರಿಗೆ ಹೋಗಿ ಬಂದಂತೆ. ಗಟ್ಟಿ ಹಾಲಿಗೆ ಸಕ್ಕರೆ, ಏಲಕ್ಕಿ. ತತ್ತಿಯ ಜಾಗದಲ್ಲಿ ಏನು? ಆ ಜಾಗ ಖಾಲಿ ಇದ್ದರೆ ಹೋಳು ತುಪ್ಪ ಹೀರಿ ಜೋತುಬೀಳುತ್ತದೆ. ಕಡಲೆಹಿಟ್ಟು ನೆನಪಾಯಿತು. ಎರಡು ಚಿಟಿಕೆ ಹಾಕಿ ನೋಡಿದಳು, ಇನ್ನೊಂದಿಷ್ಟು ಹಾಕಿದಳು. ಹಾಲು ಹಳದಿಗೆ ತಿರುಗಿತು. ಬಂಗಲೆಯ ಪಿಂಗಾಣಿ ಬೋಗುಣಿಯಲ್ಲಿ ಇದ್ದ ಅದೇ ಹಳದಿ. ಹೋಳುಗಳನ್ನು ಅದ್ದಿದಾಗ ಅವು ಹೀರಿದವು, ಆದರೆ ಮುರಿಯಲಿಲ್ಲ, ಶ್ರಾವಣದ ಪುರಾಣಕ್ಕೆ ಕೂತ ಮುದುಕಿಯರ ಹಾಗೆ ಅಲುಗದೆ ಎಲ್ಲವನ್ನೂ ಒಳಗೆ ತೆಗೆದುಕೊಂಡವು. ತುಪ್ಪಕ್ಕೆ ಮೊದಲ ಹೋಳು ಬಿದ್ದು ಸದ್ದೆದ್ದಿತು. ಸದ್ದಿನ ಜೊತೆಗೆ, ತಡೆಯುವ ಮೊದಲೇ, ಪದ್ಯವೂ ಎದ್ದಿತು.

ಹಸಿದು ಬಂದವಗನ್ನವಿಕ್ಕದೆ
ಹೆಸರ ಹೇಳುತ ಕುಳಿತರೇನೈ
ಹುಸಿಯು ಪೂಜೆಯು ಹುಸಿಯು ಜಪತಪ ಶಿವನು ಮೆಚ್ಚುವನೇ

ನಿಲ್ಲಿಸಿದಳು. ಸಟ್ಟುಗ ಆಡಿಸಿ ಹೋಳನ್ನು ತಿರುವಿದಳು. ಉಳಿದ ಮೂರು ಸಾಲು ತುಟಿಯೊಳಗೇ ನಡೆದವು. ಇಳಿಸಿದಳು, ಮತ್ತೊಂದನ್ನು ಬಿಟ್ಟಳು, ಮತ್ತೆ ಹಸಿದು ಬಂದವಗನ್ನವಿಕ್ಕದೆ, ಮತ್ತೆ ಶಿವನು ಮೆಚ್ಚುವನೇ, ಮತ್ತೆ ಮೌನ, ಮತ್ತೆ ತಿರುವು. ಪಡಸಾಲೆಯಲ್ಲಿ ವಾಸನೆ ತುಂಬಿತು. ಏಲಕ್ಕಿ, ತುಪ್ಪ, ಅಂಚಿನಲ್ಲಿ ಸಕ್ಕರೆ ಕಂದುವ ವಾಸನೆ. ಅವಳು ಪಡಸಾಲೆಯಲ್ಲಿ ಇರಲಿಲ್ಲ, ಬಂಗಲೆಯ ಮೆಟ್ಟಿಲ ಮೇಲಿದ್ದಳು.

"ಪದ್ಯಾ ಯಾಕ ನಡಕ್ಕ ಮುರೀತಿ?" ಶಾರದಾಬಾಯಿ ಕೇಳಿದಳು. ಪುರಾಣ ಕೇಳಿಯೇ ಬೆಳೆದ ಕಿವಿ ಅದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಅದಕ್ಕೆ ಗೊತ್ತು. "ಅಲ್ಲಿ ಯಾರೂ ಅಷ್ಟ ಹೊತ್ತು ನಿಲ್ಲಂಗಿಲ್ಲ. ಎಲ್ಲಿ ಕಲತಿ ಹಿಂಗ ಹೇಳೂದು? ಇದನ್ನ ಮಾಡೂದರೆ ಎಲ್ಲಿ ಕಲತಿ?"

"ಸಾಲ್ಯಾಗ ಕಲಿಸಿದ್ರು" ಎಂದಳು ಸುಗಲಾ. ಅವಳು ಓದಿದ್ದು ಅಕ್ಕಲಕೋಟೆಯ ಮರಾಠಿ ಶಾಲೆಯ ನಾಲ್ಕನೇ ಇಯತ್ತೆಯ ತನಕ.

"ಮರಾಠಿ ಸಾಲ್ಯಾಗ ಕನ್ನಡ ಷಟ್ಪದಿ ಮುರಿಯೂದು ಕಲಸ್ತಾರ ಅಂದ್ರ ಭಾರೀ ಸಾಲಿ ಬಿಡು ನಿಮ್ಮದು."

ಮೊದಲ ಹೋಳನ್ನು ಅವಳು ತಟ್ಟೆಯಲ್ಲಿಟ್ಟು ಕೊಟ್ಟಳು. ಶಾರದಾಬಾಯಿ ಅಂಗೈಯಲ್ಲಿ ಲಿಂಗ ಹಿಡಿದು, ಅದಕ್ಕೆ ತೋರಿಸಿ, ಚೂರು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಔಷಧಕ್ಕೆ ಮುಚ್ಚುತ್ತಿದ್ದ ಹಾಗೆ ಅಲ್ಲ. ಬಹಳ ಹೊತ್ತಿನ ಮೇಲೆ ತೆರೆದಾಗ ಕಣ್ಣಲ್ಲಿ ನೀರಿತ್ತು. "ಅಂಚು ಗರಿಗರಿ, ನಡಕ್ಕ ಖವಾ ಇದ್ದಂಗ" ಎಂದಳು. "ಕಾಲಿಲೆ ತುಳದದ್ದು ಅಂತ ಯಾವಾಕಿ ಹೇಳಿದ್ಲು ನನಗ?" ಎರಡನೆಯದಕ್ಕೆ ಕೈ ಚಾಚಿದಳು. ಸುಗಲಾಗೆ ಹಿಗ್ಗಾಯಿತು, ಹಿಗ್ಗಿನ ಒಳಗೆ ಸಾಲ್ಯಾಗ ಕಲಿಸಿದ್ರು ಎಂಬ ಮಾತು ಅನ್ನದೊಳಗಿನ ಹರಳಿನ ಹಾಗೆ ಹಲ್ಲಿಗೆ ಸಿಕ್ಕಿತು. ಇಷ್ಟು ದಿನ ಅವಳು ಸುಮ್ಮನಿದ್ದಳು, ಅಷ್ಟೇ. ಸುಮ್ಮನಿರುವುದನ್ನು ಯಾರೂ ಸುಳ್ಳು ಅನ್ನಲಾರರು. ಇವತ್ತು, ಅಪ್ಪನ ಪದ್ಯ ಹೇಳುತ್ತ, ಅಪ್ಪನ ಕೈಯಿಂದ ತಿರುವುತ್ತ, ಅಪ್ಪನನ್ನು ಇಲ್ಲವೆಂದಿದ್ದಳು.

"ಶರಣ್ರಿ."

ಹೊಸಿಲಿನ ಆಚೆ ಧೂಳಪ್ಪ ನಿಂತಿದ್ದ. ಒಗೆದು ಮಡಿಕೆ ಮಾಡಿದ ಧೋತರ, ಹಣೆಯ ತುಂಬ ವಿಭೂತಿ, ಒಂದು ಕೈಯಲ್ಲಿ ಹಿತ್ತಾಳೆ ತಂಬಿಗೆ, ಬಗಲಲ್ಲಿ ಕಾಗದ ಸುತ್ತಿದ ಬ್ರೆಡ್ಡು. ಸೊಲ್ಲಾಪುರದ ಸ್ಟೇಷನ್ನಿನ ಮುಂದೆ ಕೊಂಡದ್ದು, ಇನ್ನೂ ಬೆಚ್ಚಗಿತ್ತು.

"ಬರ್ರಿ ಬೀಗರ, ಬರ್ರಿ. ತಂದ್ರ್ಯಾ ನೀವೂ?" ಶಾರದಾಬಾಯಿ ನಕ್ಕಳು. "ಸುಗಲಾ, ಗೂಡಿನ್ಯಾಗ ಇಡು ಅದನ್ನ. ನಾಡದು ಒಣಗತೈತಿ, ಕೆಲಸಕ್ಕ ಬರತೈತಿ."

ಧೂಳಪ್ಪ ಒಳಗೆ ಬಂದು ಕಂಬಳಿಯ ತುದಿಗೆ ಕೂತ. ಬೀಗತಿಯ ಆರೋಗ್ಯ ಕೇಳಿದ, ಅಕ್ಕಲಕೋಟೆಯ ಬಿಸಿಲು ಹೇಳಿದ, ದುಧನಿಯ ಕಡೆಗಿನ ತಮ್ಮನ ಹೊಲದ ಜೋಳ ಹೇಳಿದ. ಬಾಯಿ ಇಷ್ಟು ಹೇಳುತ್ತಿರುವಾಗ ಮೂಗು ಬೇರೆ ಎಲ್ಲೋ ಇತ್ತು. ಶೇಗಡಿ ಕಂಡಿತು. ಬೋಗುಣಿ ಕಂಡಿತು. ಬೋಗುಣಿಯೊಳಗಿನ ಹಳದಿ ಕಂಡಿತು. ಅವನ ಮುಖದ ರಕ್ತ ಇಳಿದು ಹೋದದ್ದನ್ನು ಸುಗಲಾ ನೋಡಿದಳು. ಈ ಹುಡುಗಿ, ಲಿಂಗವಂತರ ಮನೆಯ ಪಡಸಾಲೆಯಲ್ಲಿ, ಅತ್ತೆಯ ಮಂಚದ ಮುಂದೆ ತತ್ತಿ ಒಡೆದಳೇ?

"ಸುಗಲಾ" ಎಂದ, ತುಟಿ ಅಲುಗದಂತೆ. "ಹಳದಿ ಯಾಕ?"

"ಕಡ್ಲಿಹಿಟ್ಟು ಅಪ್ಪಾ."

ಧೂಳಪ್ಪ ಉಸಿರು ಬಿಟ್ಟ. ತಂಬಿಗೆ ಎತ್ತಿ ಅರ್ಧ ನೀರು ಕುಡಿದ. ಕುಡಿದ ಮೇಲೆ, ಹೆದರಿಕೆ ಹೋದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಅವನ ಕಣ್ಣು ತುಪ್ಪದ ಮೇಲೆ ನಿಂತಿತು. ಇದ್ದಿಲು ಸ್ವಲ್ಪ ಹೆಚ್ಚಾಗಿದೆ ಎಂದು ಅವನಿಗೆ ಅನ್ನಿಸುತ್ತಿದೆ, ಹೇಳಲಾರದೆ ಬೆರಳು ಬೆರಳಿಗೆ ಹೊಸೆಯುತ್ತಿದ್ದಾನೆ ಎಂದು ಸುಗಲಾಗೆ ತಿಳಿಯಿತು. ಅವಳು ಸುಮ್ಮನೆ ಎರಡು ಇದ್ದಿಲು ಹೊರಗೆ ತೆಗೆದಳು. ಬೆರಳು ಹೊಸೆಯುವುದು ನಿಂತಿತು.

ಇದೆಲ್ಲವನ್ನೂ ಶಾರದಾಬಾಯಿ ದಿಂಬಿನ ಮೇಲಿಂದ ನೋಡುತ್ತಿದ್ದಳು. ಜ್ವರದಲ್ಲಿ ಇಷ್ಟು ದಿನ ನೋಡಲು ಮಾಡಿನ ಜಂತಿ ಬಿಟ್ಟರೆ ಬೇರೇನೂ ಇರಲಿಲ್ಲ ಅವಳಿಗೆ. "ಬೀಗರ, ನಿಮ್ಮ ಕಂಠ ಛಲೋ ಅಂತ ಕೇಳೀನಿ" ಎಂದಳು. "ಒಂದು ಪದ್ಯಾ ಹೇಳ್ರಿ. ನಿಮ್ಮ ಮಗಳು ಅರ್ಧಾ ಹೇಳಿ ನುಂಗತಾಳ. ಅದೇನೋ, ಹಸಿದು ಬಂದವಗ."

ಸುಗಲಾ ಬೇಡವೆಂದು ತಲೆಯಾಡಿಸಿದಳು. ಧೂಳಪ್ಪ ಕಣ್ಣು ಮುಚ್ಚಿಯಾಗಿತ್ತು. ಪದ್ಯ ಕೇಳಿದರೆ ಇಲ್ಲ ಅನ್ನುವವನಲ್ಲ ಅವನು. ಕಂಠ ನಿಜವಾಗಿಯೂ ಛಲೋ ಇತ್ತು. ಮೊದಲ ಸಾಲು ಪಡಸಾಲೆ ದಾಟಿ ಓಣಿಗೆ ಹೋಯಿತು. ಎರಡನೆಯದು ಅದರ ಕೈ ಹಿಡಿಯಿತು. ಮೂರನೆಯದು ಏರಿ, ಶಿವನು ಮೆಚ್ಚುವನೇ ಎಂದು ಮೇಲೆ ನಿಂತಿತು. ನಿಂತೇ ಇತ್ತು. ಆ ಮೌನದಲ್ಲಿ, ತೊಡೆಯ ಮೇಲಿದ್ದ ಧೂಳಪ್ಪನ ಬಲಗೈ ತಾನಾಗಿ ಒಂದಿಷ್ಟು ಎದ್ದು, ಮಣಿಕಟ್ಟಿನಲ್ಲಿ ಹೊರಳಿ, ಏನನ್ನೋ ತಿರುವಿ ಹಾಕಿ, ಮತ್ತೆ ತೊಡೆಗೆ ಇಳಿಯಿತು. ಆಮೇಲೆ ಪದ್ಯ ಮುಂದೆ ನಡೆಯಿತು.

ಹಸನು ಮನದಲಿ ತುತ್ತನಿಕ್ಕಲು
ಹಸಿದ ಬಾಯೊಳು ಬರುವನೀಶನು
ಹೊಸಿಲ ಹೊರಗೇ ಕುಳಿತು ಸವಿವನು ತನ್ನ ಪಾಲನ್ನು

ಶಾರದಾಬಾಯಿ ಬೀಗನ ಕೈಯನ್ನು ನೋಡಿದಳು, ಸೊಸೆಯ ಕೈಯಲ್ಲಿದ್ದ ಸಟ್ಟುಗವನ್ನು ನೋಡಿದಳು. "ಬೀಗರ, 'ಮೆಚ್ಚುವನೇ' ಅಂದ ಮ್ಯಾಲ ಕೈ ಯಾಕ ತಿರುವಿದ್ರಿ?"

ಧೂಳಪ್ಪ ಕಣ್ಣು ತೆರೆದ. ತನ್ನ ಕೈಯನ್ನು ತಾನೇ ನೋಡಿಕೊಂಡ, ಬೇರೆ ಯಾರೋ ಅದನ್ನು ಅಲ್ಲಿ ಮರೆತು ಹೋದ ಹಾಗೆ. ಅವನ ಮುಖದ ಮೇಲೆ ಮೋಡಿ ಕಾಗದದ ದಿನದ ಆ ನಗೆ ಬರತೊಡಗಿತು. ಬೆಳಕ ಕಮ್ಮಿ ಐತಿ ಅನ್ನುವ ಮೊದಲು ಬಂದಿದ್ದ, ಕ್ಷಮೆ ಕೇಳುವಂಥ ಸಣ್ಣ ನಗೆ. ಅದನ್ನು ಇನ್ನೊಮ್ಮೆ ನೋಡಲು ಸುಗಲಾಗೆ ಆಗಲಿಲ್ಲ.

"ಬ್ರೆಡ್ಡು ತಿರುವ್ಯಾರ್ರೀ" ಎಂದಳು. "ನಮ್ಮ ಅಪ್ಪ ಕಾರಕೂನ ಅಲ್ರಿ ಅತ್ತ್ಯಾರ. ಸಂಸ್ಥಾನದ ಬಂಗಲ್ಯಾಗ ಅಡಿಗಿ ಮಾಡ್ತಿದ್ರು. ಸಾಹೇಬ್ರಿಗೆ ಇದನ್ನ ಕರದು ಕೊಡ್ತಿದ್ರು. ತತ್ತಿ ಹಾಕಿ. ಸಾಲ್ಯಾಗ ಯಾರೂ ಕಲಿಸಿಲ್ಲ ನನಗ, ಅಪ್ಪನ ಕಡಿಂದ ಕಲತೀನಿ." ಇನ್ನು ನಿಂತರೆ ಮುಂದಿನದು ಬರುವುದಿಲ್ಲವೆಂದು ನಿಲ್ಲದೆ ಹೇಳಿದಳು. "ಇಷ್ಟ ವರ್ಷ ಮಾಡ್ಯಾರ, ಒಮ್ಮೆನೂ ಬಾಯಾಗ ಹಾಕ್ಕೊಂಡಿಲ್ಲ. ಇವತ್ತಿಂದ್ರಾಗ ತತ್ತಿ ಇಲ್ಲ. ಇವತ್ತು ತಿನ್ನಬಹುದು. ಆದ್ರ ಇದು ನನ್ನ ಮನಿ ಆತಲ್ಲ, ತಿನ್ನಂಗಿಲ್ಲ."

ಹೊರಗೆ ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿತು, ಇಡೀ ಸೊಲ್ಲಾಪುರದ ಪರವಾಗಿ ತಾನೇ ಉತ್ತರ ಹೇಳುವ ಹಾಗೆ ಉದ್ದಕ್ಕೆ ಕೂಗಿ ನಿಂತಿತು. ಧೂಳಪ್ಪ ತಂಬಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದು ಕೂತಿದ್ದ.

"ಒಮ್ಮೆನೂ ಇಲ್ಲ?" ಶಾರದಾಬಾಯಿ ಕೇಳಿದಳು.

"ಇಲ್ರಿ. ಲಿಂಗದ ಆಣಿ."

"ಮತ್ತ ರುಚಿ ಹೆಂಗ ತಿಳೀತಿತ್ತು ನಿಮಗ?"

"ವಾಸನಿ ಇರತೈತ್ರಿ. ಬಣ್ಣ. ಕಿವಿ."

"ಕಿವಿ" ಎಂದಳು ಶಾರದಾಬಾಯಿ, ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡುವಂತೆ. ತಟ್ಟೆಯಲ್ಲಿ ಉಳಿದ ಅರ್ಧ ಹೋಳನ್ನು ನೋಡುತ್ತ ಕೂತಳು. "ಈ ಜ್ವರದಾಗ ನನಗೂ ಹಂಗs ಇತ್ತು. ವಾಸನಿ ಬರ್ತಿತ್ತು, ಕಣ್ಣಿಗಿ ಕಾಣ್ತಿತ್ತು, ಬಾಯಿಗಿ ಬರ್ತಿದ್ದಿಲ್ಲ. ನನಗ ಇಷ್ಟಕ್ಕs ಸಾಕಾಗಿ ಹೋತು, ನೋಡ್ರಿ." ಬೀಗನ ಕಡೆ ತಿರುಗಿ, "ಹಂಗಾದ್ರ ಅವತ್ತ ಮೋಡಿ ಕಾಗದ. ಬೆಳಕ ಕಮ್ಮಿ ಐತಿ ಅಂದ್ರಿ. ಮಟಮಟ ಮಧ್ಯಾಹ್ನ ಇತ್ತು ಬೀಗರ."

"ಮಧ್ಯಾಹ್ನ ಇತ್ರಿ" ಎಂದು ಧೂಳಪ್ಪ ಒಪ್ಪಿಕೊಂಡ.

ಶಾರದಾಬಾಯಿಯ ಭುಜ ಅಲುಗತೊಡಗಿತು. ಮೊದಲು ಕೆಮ್ಮು ಎಂದುಕೊಂಡ ಸುಗಲಾ ನೀರಿಗೆ ಎದ್ದಳು, ಅದು ನಗು. ನಿತ್ರಾಣದ ನಗು, ಸದ್ದಿಲ್ಲದ್ದು, ಹೊಟ್ಟೆ ಹಿಡಿದುಕೊಂಡದ್ದು. "ಇವರು ಓದಲಾರದ್ದಕ್ಕ ನಮ್ಮವರು ನಾಗಪ್ಪಗ ಏನಂದಿದ್ರು ಗೊತ್ತೇನು? ದೊಡ್ಡ ಕಾರಕೂನರು, ಸಣ್ಣ ಕಾಗದ ಓದಂಗಿಲ್ಲ ಅಂದಿದ್ರು." ಕಣ್ಣೊರೆಸಿಕೊಂಡಳು. "ಅವರಿಗೆ ನಾ ಹೇಳತೀನಿ. ಯಾವಾಗ ಹೇಳಬೇಕು, ಏನು ತಿನಿಸಿ ಹೇಳಬೇಕು, ನನಗ ಗೊತ್ತೈತಿ. ನೀ ಮುಖ ಸಣ್ಣ ಮಾಡಬ್ಯಾಡ. ತಟ್ಟಿ ತಗೊಂಡು ಬಾ, ನನ್ನ ಕೈ ಹಿಡಿ."

ಸುಗಲಾ ಹಿಡಿದ ಕೈಯ ಮೇಲೆ ಭಾರ ಹಾಕಿ ಶಾರದಾಬಾಯಿ ಮಂಚ ಇಳಿದಳು. ಜ್ವರ ಬಂದ ಮೇಲೆ ಮೊದಲ ಸಲ, ಹೆಜ್ಜೆಗೊಮ್ಮೆ ನಿಂತು, ತಲೆಬಾಗಿಲ ತನಕ ಬಂದಳು. ಹೊಸಿಲಿನ ಒಳಗೇ ನಿಂತು ಬಾಗಿಲ ಚೌಕಟ್ಟು ಹಿಡಿದಳು. ಹೊರಗೆ ಕಟ್ಟೆ ಬಿಸಿಲಲ್ಲಿ ಬೆಚ್ಚಗೆ ಬಿದ್ದಿತ್ತು. ಕಟ್ಟೆಯ ಮೂಲೆಯಲ್ಲಿ ಮುನಸಿಪಾಲ್ಟಿಯವರು ಅಳತೆಗೆಂದು ಎಳೆದ ಸುಣ್ಣದ ಗೀರು ಇನ್ನೂ ಮಾಸಿರಲಿಲ್ಲ. ನೆರೆಮನೆಯ ಕಿಟಕಿಯಲ್ಲಿ ಕಸ್ತೂರಬಾಯಿಯ ಮುಖ ಮೂಡಿತು.

"ಬೀಗರ, ಅಲ್ಲಿ ಕೂಡ್ರಿ" ಎಂದು ಕಟ್ಟೆಯನ್ನು ತೋರಿಸಿದಳು.

"ಅದೂ ನಿಮ್ಮ ಮನೀನs ಆತಲ್ರಿ."

"ಅಲ್ಲ. ಅದು ಮುನಸಿಪಾಲ್ಟಿದು."

ಕಸ್ತೂರಬಾಯಿ ಕಿಟಕಿಯಿಂದ ಅರ್ಧ ಹೊರಗೆ ಬಂದು, "ಕಾಯ ಮ್ಹಣತಾಯ ಬಾಯಿ? ಏನಂದ್ರಿ?" ಎಂದು ಕೇಳಿದಳು.

"ಮುನಸಿಪಾಲ್ಟಿದು ಅಂದೆ. ಅಳದು ಹೋಗ್ಯಾರ, ಗೆರಿ ಹೊಡದಾರ. ಹೊಸಿಲ ಹೊರಗಿಂದು ನಮ್ಮದಲ್ಲ." ಒಂದು ಹಗಲು ಬಿಸಿಲಲ್ಲಿ ಕೂತು ಕಾದ ಕಟ್ಟೆಯನ್ನು ಒಂದು ಉಸಿರಿನಲ್ಲಿ ಬಿಟ್ಟುಕೊಟ್ಟವಳ ದನಿ ಸ್ವಲ್ಪವೂ ನಡುಗಲಿಲ್ಲ. "ಬೀಗರ, ನಿಮ್ಮ ಪದ್ಯಾದಾಗs ಐತಿ. ಹೊಸಿಲ ಹೊರಗs ಕೂತು ತಿನ್ರಿ."

ಧೂಳಪ್ಪ ಹೊರಗೆ ಹೋಗಿ, ಸುಣ್ಣದ ಗೀರನ್ನು ನೋಡಿ, ಅದರ ಆಚೆ ಬದಿಗೆ, ರಸ್ತೆಯ ಕಡೆಗೆ, ಕಾಲು ಮಡಚಿ ಕೂತ. ಸುಗಲಾ ಹೊಸಿಲಿನಿಂದ ಕೈ ಚಾಚಿ ತಟ್ಟೆ ಕೊಟ್ಟಳು. ಅವನು ಮೊದಲು ಬಗ್ಗಿ ವಾಸನೆ ನೋಡಿದ, ಹಳೆಯ ರೂಢಿ. ಆಮೇಲೆ ಬಣ್ಣ ನೋಡಿದ, ತಿರುವಿ ಕೆಳಗಿನ ಮಗ್ಗುಲು ನೋಡಿದ. ಇನ್ನು ನೋಡುವುದಕ್ಕೆ ಏನೂ ಉಳಿಯದಾಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಸುಗಲಾ ಅವನ ಬಾಯಿಯನ್ನೇ ನೋಡುತ್ತ ನಿಂತಳು. ಬಂಗಲೆಯ ಹಿಂದಿನ ಮೆಟ್ಟಿಲು, ಚಿಕ್ಕ ಲಂಗ, ಹೆಂಗಿರತೈತಿ ಎಂದು ಕೇಳಿ ಉತ್ತರಕ್ಕೆ ಕಾದು ಕೂತ ಆ ಹುಡುಗಿ ಇನ್ನೂ ಅಲ್ಲಿಂದ ಎದ್ದಿರಲೇ ಇಲ್ಲ ಅನ್ನಿಸಿತು. ಅಪ್ಪ ಅಗಿದ, ನುಂಗಿದ, ಓಣಿಯ ತುದಿಯ ಬಿಸಿಲನ್ನು ನೋಡಿದ.

"ಇಷ್ಟs ಏನು?" ಎಂದ.

ಸುಗಲಾಗೆ ನಗು ತಡೆಯಲಿಲ್ಲ. ಅಷ್ಟರಲ್ಲಿ ಅವನ ಕೈ, ಯಾರಿಗೂ ಹೇಳದೆ, ಇನ್ನೊಂದು ಚೂರು ಮುರಿದಿತ್ತು. ಅದರ ಹಿಂದೆ ಮತ್ತೊಂದು. ತಟ್ಟೆ ಖಾಲಿಯಾಗುತ್ತ ಬಂತು, ಅವಳು ಒಳಗೆ ಹೋಗಿ ಇನ್ನೆರಡು ಕರಿದು ತಂದಳು, ಈ ಸಲ ಪದ್ಯವನ್ನು ನುಂಗದೆ, ಎರಡೂ ಮಗ್ಗುಲನ್ನು ಓಣಿಗೆ ಕೇಳುವಂತೆ ಹೇಳಿ. ಧೂಳಪ್ಪ ಅವನ್ನೂ ಮುಗಿಸಿ ಬೆರಳು ಒರೆಸಿಕೊಂಡ. ಅವನ ಮುಖದ ಮೇಲೆ, ಬಹಳ ವರ್ಷಗಳಿಂದ ಬೇರೆಯವರು ಹೇಳಿದ್ದನ್ನು ನಂಬಿಕೊಂಡಿದ್ದವನು ಕಡೆಗೊಮ್ಮೆ ಊರಿಗೇ ಹೋಗಿ ನೋಡಿ ಬಂದಂಥ ಗತ್ತಿತ್ತು.

"ಸಕ್ಕರಿ ಒಂದೀಟು ಹೆಚ್ಚಾಗೇತಿ" ಎಂದ.

"ಬೀಗರ" ಎಂದಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಶಾರದಾಬಾಯಿ, "ನಮ್ಮ ಕಟ್ಟಿ ಮ್ಯಾಲ ಕೂತು ನಮ್ಮ ಸೊಸಿ ಕೈ ಅಡಿಗ್ಯಾಗ ಕೊರತಿ ಹುಡುಕಬ್ಯಾಡ್ರಿ."

ಧೂಳಪ್ಪ ಸುಣ್ಣದ ಗೀರಿನ ಕಡೆ ನೋಡಿದ. "ಮುನಸಿಪಾಲ್ಟಿದು ಅಂದ್ರಲ್ರಿ ಈಗ?"

"ನೀವು ತಿಂದು ಮುಗಸೂ ತನಕ."